ವಿಡಿಯೊ ಮಾಡಿದರೆ ಪಾಠವಾಯಿತೇ?

2012ರ ಮಾರ್ಚ್‌ನಲ್ಲಿ ಅಮೆರಿಕದ ಎಂಐಟಿ ತನ್ನ ಮೊದಲ ಮುಕ್ತ ಆನ್‌ಲೈನ್ ಕೋರ್ಸನ್ನು ಆರಂಭಿಸಿತು. ವಿಷಯ ಸರ್ಕ್ಯೂಟ್ ಮತ್ತು ಎಲೆಕ್ಟ್ರಾನಿಕ್ಸ್. ಅದರ ಮುಂಚೂಣಿಯಲ್ಲಿದ್ದವರು ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ಓದಿದ ಪ್ರೊ. ಅನಂತ್ ಅಗರ್‌ವಾಲ್. ಸುಮಾರು 1,55,000 ಮಂದಿ ಹೆಸರು ನೋಂದಾಯಿಸಿದರು. ಕೊನೆಗೆ ಪ್ರಮಾಣಪತ್ರ ಕೈಗೆ ಬಂದದ್ದು 7 ಸಾವಿರ ಚಿಲ್ಲರೆ ಮಂದಿಗೆ.

ಉಳಿದವರಲ್ಲಿ ಸುಮ್ಮನೆ ಇಣುಕಿ ನೋಡಲು ಬಂದವರೂ ಇದ್ದರು, ನಿಜ. ಆದರೆ ಕಲಿಯಲೆಂದೇ ಬಂದವರು ಯಾವ ನಿಮಿಷದಲ್ಲಿ, ಯಾವ ಪುಟದಲ್ಲಿ ಕೈಬಿಟ್ಟರು? ಏಕೆ ಬಿಟ್ಟರು? ಈ ಪ್ರಶ್ನೆಯ ಬೆನ್ನು ಹತ್ತುವುದನ್ನೇ ವೃತ್ತಿ ಮಾಡಿಕೊಂಡ ಪ್ರಾಧ್ಯಾಪಕರಿದ್ದಾರೆ. ಅವರ ಶಾಸ್ತ್ರಕ್ಕೆ ಇನ್‌ಸ್ಟ್ರಕ್ಷನಲ್ ಡಿಸೈನ್ ಎಂದು ಹೆಸರು. ಕನ್ನಡದಲ್ಲಿ ಬೋಧನಾ ವಿನ್ಯಾಸ ಎನ್ನಬಹುದು.

ಕಂಪ್ಯೂಟರಿನ ಜೊತೆ ಹುಟ್ಟಿದ ಶಾಸ್ತ್ರವೇನೂ ಇದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿ ದುಡಿದ ರಾಬರ್ಟ್ ಗಾನ್ಯೆ, ಕಲಿಕೆ ಯಾವ ಸ್ಥಿತಿಯಲ್ಲಿ ನಡೆಯುತ್ತದೆ ಎಂಬುದರ ಬಗ್ಗೆ 1965ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಈ ಕ್ಷೇತ್ರದ ಬುನಾದಿಗಳಲ್ಲೊಂದು.

ಈ ಕೆಲಸ ಎಷ್ಟು ಸೂಕ್ಷ್ಮದ್ದು ಎಂದು ತಿಳಿಯಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನ ರಿಚರ್ಡ್ ಮೇಯರ್ ಅವರ ಪ್ರಯೋಗಗಳನ್ನು ನೋಡಬೇಕು. ಮಿಂಚು ಹೇಗೆ ಹುಟ್ಟುತ್ತದೆ ಎಂಬುದೇ ಅವರ ಮೆಚ್ಚಿನ ಪಾಠ. ಬಿಸಿ ಗಾಳಿ ಮೇಲೇರುತ್ತದೆ, ಮೋಡವಾಗುತ್ತದೆ, ಮೋಡದೊಳಗೆ ವಿದ್ಯುದಾವೇಶ ಬೇರೆಬೇರೆಯಾಗುತ್ತದೆ. ಹೀಗೆ ಹಂತ ಹಂತದ ವಿವರಣೆ. ಓದಿದ ಮೇಲೆ ವಿದ್ಯಾರ್ಥಿಗೆ ಕೇಳುವ ಪ್ರಶ್ನೆ ಬಾಯಿಪಾಠಕ್ಕೆ ಜಗ್ಗುವಂಥದ್ದಲ್ಲ: ‘ಆಕಾಶದಲ್ಲಿ ಮೋಡವಿದೆ, ಆದರೆ ಮಿಂಚಿಲ್ಲ. ಏಕೆ?’ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೇಯರ್ ಮತ್ತು ಶಾನನ್ ಹಾರ್ಪ್ ಇದೇ ಪಾಠಕ್ಕೆ ಸಿಡಿಲು ಬಡಿದವರ ಕುತೂಹಲಕರ ಸಂಗತಿಗಳನ್ನು ಸೇರಿಸಿ ನೋಡಿದರು. ಪಾಠ ಇನ್ನಷ್ಟು ಸ್ವಾರಸ್ಯವಾಯಿತು, ಕಲಿಕೆ ಮಾತ್ರ ಕುಸಿಯಿತು. ಮನಸ್ಸು ಕಥೆಯ ಹಿಂದೆ ಹೋಗಿ, ಕಾರಣಗಳ ಸರಪಳಿ ಕೈತಪ್ಪಿತ್ತು. ಮಕ್ಕಳಿಗೆ ಬೇಸರವಾದೀತೆಂದು ಪಾಠದೊಳಗೆ ಸಂಗೀತ, ಕುಣಿಯುವ ಚಿತ್ರ ತುರುಕುವ ನಮ್ಮ ಆ್ಯಪ್‌ ತಯಾರಕರು ಈ ಫಲಿತಾಂಶವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಇನ್ನು ವಿಡಿಯೊಗಳ ಮಾತು. ಫಿಲಿಪ್ ಗುವೊ, ಜುಹೊ ಕಿಮ್ ಮತ್ತು ರಾಬ್ ರೂಬಿನ್ ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ನಾಲ್ಕು ಕೋರ್ಸುಗಳ ಸುಮಾರು 69 ಲಕ್ಷ ವೀಕ್ಷಣೆಗಳ ದಾಖಲೆ ಜಾಲಾಡಿ 2014ರಲ್ಲಿ ವರದಿ ಕೊಟ್ಟರು. ವಿಡಿಯೊ ಎಷ್ಟೇ ಉದ್ದವಿರಲಿ, ಜನ ಗಮನವಿಟ್ಟು ನೋಡುವುದು ಹೆಚ್ಚೆಂದರೆ ಆರು ನಿಮಿಷದ ಆಸುಪಾಸು. ಸಿದ್ಧ ಸ್ಲೈಡಿಗಿಂತ ಕೈಯಲ್ಲಿ ಬರೆಯುತ್ತ ವಿವರಿಸಿದ ಪಾಠ ಹೆಚ್ಚು ಹಿಡಿದಿಡುತ್ತದೆ. ತರಗತಿಯ ಉಪನ್ಯಾಸವನ್ನು ಚಿತ್ರೀಕರಿಸಿ, ಆಮೇಲೆ ತುಂಡು ತುಂಡು ಮಾಡಿದರೆ ಅಷ್ಟು ಫಲವಿಲ್ಲ. ಆನ್‌ಲೈನಿಗೆಂದೇ ಮೊದಲೇ ಯೋಜಿಸಿದ ಪಾಠವೇ ಮೇಲು.

ಹಾಗಾದರೆ ವಿನ್ಯಾಸಕಾರ ಎಲ್ಲಿಂದ ಶುರುಮಾಡುತ್ತಾನೆ? ಕೊನೆಯಿಂದ. ‘ಓಮ್‌ನ ನಿಯಮವನ್ನು ತಿಳಿಯುವರು’ ಎಂದು ಅಧ್ಯಾಪಕರು ಬರೆದು ಕೊಟ್ಟರೆ ಆತ ಒಪ್ಪುವುದಿಲ್ಲ. ತಿಳಿದರೆಂದು ಗೊತ್ತಾಗುವುದು ಹೇಗೆ? ‘ಕೊಟ್ಟ ಸರ್ಕ್ಯೂಟಿನಲ್ಲಿ ಪ್ರವಾಹವನ್ನು ಲೆಕ್ಕಹಾಕುವರು’ ಎಂದು ತಿದ್ದಿಸುತ್ತಾನೆ. ಅದನ್ನು ಪರೀಕ್ಷಿಸುವ ಪ್ರಶ್ನೆ ಮೊದಲು ಸಿದ್ಧವಾಗುತ್ತದೆ, ಅದಕ್ಕೆ ಬೇಕಾದ ಅಭ್ಯಾಸ ಆಮೇಲೆ. ಕ್ಯಾಮೆರಾ ಬರುವುದು ಎಲ್ಲಕ್ಕಿಂತ ಕೊನೆಗೆ.

ಕೋವಿಡ್ ಕಾಲದಲ್ಲಿ ಈ ಯಾವುದಕ್ಕೂ ಪುರುಸೊತ್ತಿರಲಿಲ್ಲ. 2020ರ ಮಾರ್ಚ್‌ನಲ್ಲೇ ಚಾರ್ಲ್ಸ್ ಹಾಜಸ್, ಬಾರ್ಬರಾ ಲಾಕೀ ಮೊದಲಾದ ಐವರು ಪರಿಣತರು ಅವಸರದಲ್ಲಿ ನಡೆದ ಈ ಬೋಧನೆಗೆ ‘ತುರ್ತು ದೂರಬೋಧನೆ’ ಎಂಬ ಬೇರೆ ಹೆಸರನ್ನೇ ಕೊಟ್ಟು, ಇದನ್ನು ಆನ್‌ಲೈನ್ ಶಿಕ್ಷಣವೆಂದು ಅಳೆಯಬೇಡಿ ಎಂದು ಎಚ್ಚರಿಸಿದರು. ಒಂದು ಪೂರ್ಣ ಆನ್‌ಲೈನ್ ಕೋರ್ಸ್ ಯೋಜಿಸಿ ಕಟ್ಟಲು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಬೇಕೆಂಬುದು ಅವರ ಲೆಕ್ಕ. ನಮ್ಮ ಮೇಷ್ಟರುಗಳಿಗೆ ಸಿಕ್ಕಿದ್ದು ಕೆಲವೇ ದಿನ. ಮನೆಯ ಮೂಲೆಯಲ್ಲಿ ಫೋನು ಆನಿಸಿಕೊಂಡು ಅವರು ಮಾಡಿದ ಪಾಠ ಸಪ್ಪೆಯಾಗಿದ್ದರೆ ತಪ್ಪು ಅವರದಲ್ಲ.

ಭಾರತದಲ್ಲಿ ಬೋಧನಾ ವಿನ್ಯಾಸದ ವಿದ್ಯೆಗೆ ಗಟ್ಟಿ ನೆಲೆ ಒದಗಿಸಿದ ಸಂಸ್ಥೆಗಳಲ್ಲಿ ಐಐಟಿ ಬಾಂಬೆ ಒಂದು. 2010ರಲ್ಲಿ ಅಲ್ಲಿ ಶೈಕ್ಷಣಿಕ ತಂತ್ರಜ್ಞಾನದಲ್ಲಿ ಪಿಎಚ್‌ಡಿ ಆರಂಭವಾಯಿತು. ಅಲ್ಲಿನವರು ರೂಪಿಸಿದ ಕಲಿಕಾರ್ಥಿ ಕೇಂದ್ರಿತ ಮಾದರಿಯ ವಿಡಿಯೊಗಳಲ್ಲಿ ಒಂದು ಸರಳ ಉಪಾಯವಿದೆ. ಪಾಠದ ನಡುವೆ ಅಧ್ಯಾಪಕರು ಪ್ರಶ್ನೆ ಹಾಕಿ, ವಿಡಿಯೊ ನಿಲ್ಲಿಸಿ ಉತ್ತರ ಬರೆಯಿರಿ ಎನ್ನುತ್ತಾರೆ. ಬರೆದ ಮೇಲಷ್ಟೇ ಮುಂದಕ್ಕೆ ಹೋಗಿ ಎಂಬುದು ಸೂಚನೆ. ಒಳ್ಳೆಯ ಮೇಷ್ಟರು ತರಗತಿಯಲ್ಲಿ ಸೀಮೆಸುಣ್ಣ ಕೆಳಗಿಟ್ಟು ಮಕ್ಕಳ ಮುಖ ನೋಡುವ ಆ ಕ್ಷಣ ಇಲ್ಲಿ ಪರದೆಗೆ ಬಂದಿದೆ.

ಕರ್ನಾಟಕಕ್ಕೆ ದೂರಶಿಕ್ಷಣ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ 1969ರಷ್ಟು ಹಳೆಯದು. ಅದರ ಮುಂದುವರಿಕೆಯಾಗಿ 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂತು. ಪಾಠಗಳು ಈಗ ಅಂಚೆಯಿಂದ ಮೊಬೈಲಿಗೆ ಬಂದಿವೆ. ಹಾಗಾಗಿ ಅಧ್ಯಾಪಕರ ಕಾರ್ಯಭಾರ ಲೆಕ್ಕಹಾಕುವಾಗ ನಮ್ಮ ಕಾಲೇಜುಗಳು ತರಗತಿಯ ಗಂಟೆಗಳ ಜೊತೆಗೆ ಆನ್‌ಲೈನ್ ಪಾಠ ಕಟ್ಟುವ ಗಂಟೆಗಳನ್ನೂ ಬರೆದುಕೊಳ್ಳಲಿ. ಬೋಧನಾ ವಿನ್ಯಾಸ ಕಲಿತವರಿಗೆ ಒಂದೊಂದು ಹುದ್ದೆಯನ್ನಾದರೂ ತೆರೆಯಲಿ.