ಅರಗಿನ ಮನೆಯ ಹಾಡು

ಹಳೆಯ ವಸ್ತುಗಳ ಮೋಹದಲ್ಲಿ ಎರಡು ಬಗೆ ಉಂಟು. ವಸ್ತುವನ್ನು ತಂದು, ಒರೆಸಿ, ಬಂದವರ ಕಣ್ಣಿಗೆ ಬೀಳುವಂತೆ ನಡುಮನೆಯಲ್ಲಿ ಇಡುವುದು ಒಂದು. ಅದು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸವನ್ನು ಇಂದಿಗೂ ಅದರಿಂದ ಮಾಡಿಸುವುದು ಇನ್ನೊಂದು. ಮೊದಲನೆಯವರಿಗೆ ಬೇಕಾದದ್ದು ಒಂದು ಬಟ್ಟೆಯ ಚೂರು ಮಾತ್ರ. ಎರಡನೆಯವರಿಗೆ ಎಣ್ಣೆ, ತಿರುಪುಳಿ, ತಾಳ್ಮೆ, ಮತ್ತು ಮನೆಯವರ ಕ್ಷಮಾಗುಣ ಇವೆಲ್ಲವೂ ಬೇಕು.

ಹತ್ತು ವರ್ಷಗಳಿಂದ ನಾನು ಈ ಎರಡನೆಯ ಪಂಗಡಕ್ಕೆ ಸೇರಿದವನು. ನನ್ನ ಬಳಿ ಇರುವುದು ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆಯ ಗ್ರಾಮಫೋನು, ಎಚ್.ಎಂ.ವಿ. 102 ಎಂಬ ಮಾದರಿ. ಜೊತೆಗೆ ನೂರಕ್ಕೆ ಸ್ವಲ್ಪ ಕಡಮೆ ತಟ್ಟೆಗಳು. ಇದರ ಕಹಳೆ ಹೊರಗೆ ಕಾಣದು. ಪೆಟ್ಟಿಗೆಯ ಹೊಟ್ಟೆಯೊಳಗೇ ಅಡಗಿದೆ. ಹೊಳೆಯುವ ಹಿತ್ತಾಳೆಯ ಕಹಳೆಯನ್ನು ನಿರೀಕ್ಷಿಸಿ ಬಂದವರಿಗೆ ಇದರಿಂದ ನಿರಾಶೆಯೇ. ಆದರೆ ಇಂದು ಪೇಟೆಯಲ್ಲಿ ಪುರಾತನವೆಂದು ಮಾರಾಟವಾಗುವ ಹಿತ್ತಾಳೆ ಕಹಳೆಯ ಯಂತ್ರಗಳಲ್ಲಿ ಅನೇಕವು ಈಚೆಗೆ ಜೋಡಿಸಿದವು: ಎಲ್ಲಿಯದೋ ಹಳೆಯ ಯಂತ್ರದ ಒಂದು ಭಾಗ, ಹೊಸದಾಗಿ ಬಡಿದ ಕಹಳೆ, ಅದರ ಮೇಲೆ ನಾಯಿಯ ಚಿತ್ರದ ನಕಲು ಬಿಲ್ಲೆ. ನೋಟಕ್ಕೆ ಚೆಲುವು, ಹಾಡಲು ಕೂರಿಸಿದರೆ ಕೆಮ್ಮು.

ಗ್ರಾಮಫೋನಿನ ತಟ್ಟೆ ಯಾವುದರಿಂದ ಆದದ್ದು ಎಂದು ತರಗತಿಯಲ್ಲಿ ಒಮ್ಮೆ ಕೇಳಿದೆ. ಪ್ಲಾಸ್ಟಿಕ್ ಎಂದರು ಕೆಲವರು, ರಬ್ಬರ್ ಎಂದರು ಕೆಲವರು. ಅದು ಅರಗು. ಕೌರವರು ಪಾಂಡವರಿಗಾಗಿ ಕಟ್ಟಿಸಿದ ಮನೆಯ ಅರಗು, ಚನ್ನಪಟ್ಟಣದ ಗೊಂಬೆಗೆ ಬಣ್ಣದೊಡನೆ ಮೆರುಗು ಕೊಡುವ ಅರಗು! ಮುತ್ತುಗ, ಎಲಚಿ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟ ತನ್ನ ಮೈಯಿಂದ ಸ್ರವಿಸಿ ಕಟ್ಟಿಕೊಳ್ಳುವ ಗೂಡು ಅದು. ಆ ಅರಗಿಗೆ ನುಣ್ಣನೆಯ ಕಲ್ಲಿನ ಪುಡಿ, ಹತ್ತಿಯ ನಾರು, ಕಾಡಿಗೆ ಬೆರೆಸಿ, ಬಿಸಿಯಲ್ಲಿ ಅಚ್ಚೊತ್ತಿದರೆ ತಟ್ಟೆ ಸಿದ್ಧ. ಜಗತ್ತಿನ ಅರಗಿನಲ್ಲಿ ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ದುರ್ಲಭವಾದಾಗ ಅಮೆರಿಕದವರು ಹಳೆಯ ತಟ್ಟೆಗಳನ್ನು ಕೂಡಿಹಾಕಿ, ಪುಡಿಮಾಡಿ, ಹೊಸ ತಟ್ಟೆಗೆ ಬಳಸಿದರು. ಎಷ್ಟು ಗಾಯಕರ ದನಿ ಹೀಗೆ ಮತ್ತೊಬ್ಬರ ದನಿಗೆ ಗೊಬ್ಬರವಾಯಿತೋ!

ಎಡಿಸನ್ 1877ರಲ್ಲಿ ದನಿಯನ್ನು ಹಿಡಿದದ್ದು ತವರದ ತಗಡು ಸುತ್ತಿದ ಉರುಳೆಯ ಮೇಲೆ. ಹತ್ತು ವರ್ಷಗಳ ಮೇಲೆ, 1887ರಲ್ಲಿ, ಎಮಿಲ್ ಬರ್ಲಿನರ್ ಅದನ್ನು ಚಪ್ಪಟೆಯ ತಟ್ಟೆಯ ಮೇಲೆ ತಂದನು. ಉರುಳೆಗಿಂತ ತಟ್ಟೆಗೆ ಅಚ್ಚೊತ್ತುವುದು ಸುಲಭ. ಒಂದು ಅಚ್ಚಿನಿಂದ ಸಾವಿರ ಪ್ರತಿ ತೆಗೆಯಬಹುದು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲಕತ್ತೆಗೆ ಬಂದು ನಮ್ಮವರ ಹಾಡನ್ನು ಮುದ್ರಿಸಿಕೊಂಡನು. ಆಗ ಹಾಡಿದವರಲ್ಲಿ ಗೌಹರ್ ಜಾನ್ ಪ್ರಮುಖಳು. ಮೈಕು ಇನ್ನೂ ಬಳಕೆಗೆ ಬಂದಿರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಹಾಡಬೇಕಾಗಿತ್ತು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಸಾರುತ್ತಾಳೆ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಹಾಡಿದವರಾರೆಂದು ತಿಳಿಯಬೇಕಲ್ಲ! ಆ ಗೌಹರ್ ಜಾನ್ ಕಡೆಗಾಲದಲ್ಲಿ ಬಂದು ನೆಲಸಿದ್ದು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಆಕೆ ತೀರಿಕೊಂಡದ್ದೂ ಅಲ್ಲಿಯೇ.

ಹತ್ತು ಅಂಗುಲದ ತಟ್ಟೆಯ ಒಂದು ಮುಖಕ್ಕೆ ಸುಮಾರು ಮೂರು ನಿಮಿಷ. ರಾತ್ರಿಯೆಲ್ಲ ಹಾಡಬಲ್ಲವರು ರಾಗದ ಸಾರವನ್ನು ಆ ಮೂರು ನಿಮಿಷಗಳಲ್ಲಿ ಹಿಡಿಸಿದರು. ತ್ರಿಪದಿಯನ್ನು ಬಲ್ಲ ಕನ್ನಡಿಗರಿಗೆ ಈ ಸಂಯಮದ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮುಳ್ಳಿನ ವಿಚಾರ. ತಟ್ಟೆಯಲ್ಲಿ ಕಲ್ಲಿನ ಪುಡಿ ಬೆರೆಸಿರುವುದು ಗಟ್ಟಿತನಕ್ಕೆ ಮಾತ್ರವಲ್ಲ. ಉಕ್ಕಿನ ಹೊಸ ಮುಳ್ಳನ್ನು ಇಟ್ಟೊಡನೆ, ಮೊದಲ ಕೆಲವು ಸುತ್ತುಗಳಲ್ಲಿ ಆ ಪುಡಿ ಮುಳ್ಳಿನ ಮೊನೆಯನ್ನು ತೇಯ್ದು ಗೆರೆಯ ಆಕಾರಕ್ಕೆ ಹೊಂದಿಸುತ್ತದೆ. ತಟ್ಟೆ ಮುಳ್ಳನ್ನು ಸವೆಸುತ್ತದೆ. ಒಂದು ಮುಖ ಮುಗಿಯುವ ವೇಳೆಗೆ ಮುಳ್ಳಿನ ಅಂಚು ಉಳಿಯಂತೆ ಹರಿತವಾಗಿರುತ್ತದೆ. ಅದನ್ನೇ ಮತ್ತೆ ಇಟ್ಟರೆ, ಈ ಸಲ ಮುಳ್ಳು ತಟ್ಟೆಯನ್ನು ಸವೆಸುತ್ತದೆ. ಆದ್ದರಿಂದಲೇ ಹಿರಿಯರು ಮಾಡಿದ ಕಟ್ಟಳೆ: ಒಂದು ಮುಖಕ್ಕೆ ಒಂದು ಮುಳ್ಳು. ನೂರು ಮುಳ್ಳಿನ ಡಬ್ಬಿ ಐವತ್ತು ತಟ್ಟೆಗೆ ಮುಗಿಯಿತು. ಜಿಪುಣನಿಗೆ ಈ ಹವ್ಯಾಸ ಹೇಳಿಸಿದ್ದಲ್ಲ.

ಶುಚಿ ಮಾಡುವಲ್ಲಿಯೂ ಅರಗಿನ ಸ್ವಭಾವವನ್ನು ಮರೆಯುವಂತಿಲ್ಲ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಹಾಡೂ ಅದರೊಡನೆ ಹೋಗುತ್ತದೆ. ಬಟ್ಟಿ ಇಳಿಸಿದ ನೀರಿಗೆ ಮೆದುವಾದ ಸಾಬೂನಿನ ಒಂದು ಹನಿ, ಮೃದುವಾದ ಬಟ್ಟೆ, ಗೆರೆಗಳು ಹರಿದ ದಿಕ್ಕಿನಲ್ಲಿಯೇ ಒರಸು. ನಡುವಿನ ಕಾಗದದ ಬಿಲ್ಲೆ ನೆನೆಯಬಾರದು. ಇಡುವಾಗ ಪುಸ್ತಕದಂತೆ ನಿಲ್ಲಿಸಿ ಇಡಬೇಕು. ಒಂದರ ಮೇಲೊಂದು ಪೇರಿಸಿ ಬಿಸಿಲು ಬೀಳುವ ಕಡೆ ಇಟ್ಟರೆ ಬೇಸಗೆ ಕಳೆಯುವಷ್ಟರಲ್ಲಿ ತಟ್ಟೆಗಳು ಸೊಟ್ಟಗಾಗಿರುತ್ತವೆ.

ಯಂತ್ರದ ಕರುಳು ಉಕ್ಕಿನ ಉದ್ದ ಪಟ್ಟಿಯ ಸುರುಳಿ. ಹಳೆಯ ಗ್ರೀಸು ಗಟ್ಟಿಯಾದರೆ ಸುರುಳಿಯ ಮಡಿಕೆಗಳು ಒಂದಕ್ಕೊಂದು ಅಂಟಿ, ಬಿಚ್ಚುವಾಗ ಪೆಟ್ಟಿಗೆಯೊಳಗೆ ಯಾರೋ ಗುದ್ದಿದಂತೆ ಸದ್ದು ಬರುತ್ತದೆ, ಹಾಡು ಬೆಚ್ಚುತ್ತದೆ. ಅದನ್ನು ಹೊರತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಗ್ರಾಫೈಟ್ ಬೆರೆತ ಹೊಸ ಗ್ರೀಸು ಹಚ್ಚಬೇಕು. ಬರಿಗೈಯಲ್ಲಿ ಮಾಡುವ ಕೆಲಸ ಇದಲ್ಲ. ಬಿಗಿದ ಸುರುಳಿ ಚಿಮ್ಮಿದರೆ ಬೆರಳು ಸೀಳೀತು. ನನಗೆ ಈ ವಿದ್ಯೆಯನ್ನು ಕಲಿಸಿದವರು ನಮ್ಮ ಊರಿನ ಗಡಿಯಾರ ರಿಪೇರಿಯ ಮುದುಕರೊಬ್ಬರು. ಮೊದಲ ದಿನ ಅವರು ಹೇಳಿದ್ದು ಇಷ್ಟೆ: “ಮೇಷ್ಟ್ರೇ, ಕೀಲಿ ಪೂರ್ತಿ ಇಳಿಸಿದ ಮೇಲೇ ತಿರುಪಿಗೆ ಕೈ ಹಾಕಿ. ಸಿಟ್ಟಿನಲ್ಲಿರೋರ ಹತ್ತಿರ ಮಾತಾಡೋ ಹಾಗೇ ಇದೂ.” ಅವರ ಅಂಗಡಿ ಈಗಿಲ್ಲ. ಆ ಕೈಗಳು ಬಲ್ಲ ಕೆಲಸವನ್ನು ಕಲಿತ ಹುಡುಗರೂ ಇಲ್ಲ. ಹಳೆಯ ಯಂತ್ರಗಳಿಗಿಂತ ಮೊದಲು ಅಳಿಯುತ್ತಿರುವುದು ಅವುಗಳನ್ನು ಬಲ್ಲ ಬೆರಳುಗಳು.

ಮುಳ್ಳನ್ನು ಹಿಡಿದಿರುವ ದುಂಡು ಧ್ವನಿಪೆಟ್ಟಿಗೆಯಲ್ಲಿ ಒಂದು ತೆಳುವಾದ ಪೊರೆ ಉಂಟು. ಮೊದಲ ಕಾಲದ ಯಂತ್ರಗಳಲ್ಲಿ ಅದು ಕಾಗೆಬಂಗಾರದ್ದು, ತರುವಾಯ ಅಲ್ಯೂಮಿನಿಯಂನದು. ಅದರ ಸುತ್ತಲ ರಬ್ಬರು ಬಳೆ ವಯಸ್ಸಾಗಿ ಕಲ್ಲಾದರೆ ದನಿ ಗೊರಗೊರ ಎನ್ನುತ್ತದೆ. ಬಳೆ ಬದಲಿಸಿದ ದಿನ, ಅದೇ ತಟ್ಟೆಯಲ್ಲಿ ಅಲ್ಲಿಯವರೆಗೆ ಕೇಳದಿದ್ದ ತಂಬೂರಿ ಕೇಳಿಸಿತು. ಅದು ಅಲ್ಲಿಯೇ ಇತ್ತು. ನನ್ನ ಯಂತ್ರಕ್ಕೆ ಕಿವಿ ಇರಲಿಲ್ಲ.

ವೇಗದ ಮಾತೂ ಹೀಗೆಯೇ. ಮೂರು ಪುಟ್ಟ ಗುಂಡುಗಳು ತಿರುಗುತ್ತಾ ಹೊರಕ್ಕೆ ಚಾಚಿ, ಒಂದು ಬಿಲ್ಲೆಯನ್ನು ತಡೆಗೆ ಒತ್ತಿ, ತಟ್ಟೆಯನ್ನು ನಿಮಿಷಕ್ಕೆ 78 ಸುತ್ತಿಗೆ ಕಟ್ಟಿಹಾಕುತ್ತವೆ. ನಾಲ್ಕೂವರೆ ಸುತ್ತು ಹೆಚ್ಚಾದರೆ ಶ್ರುತಿ ಹೆಚ್ಚುಕಡಮೆ ಅರ್ಧ ಸ್ವರ ಏರುತ್ತದೆ. ಇದನ್ನು ಅಳೆಯಲು 77 ಗೆರೆಗಳ ಒಂದು ಕಾಗದದ ಚಕ್ರ ಸಾಕು. ನಮ್ಮ ಮನೆಗಳ ವಿದ್ಯುತ್ತಿನಲ್ಲಿ ಉರಿಯುವ ನಿಯಾನ್ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಆದರೆ ಮೊದಮೊದಲ ತಟ್ಟೆಗಳೆಲ್ಲವೂ ಸರಿಯಾಗಿ 78ರಲ್ಲಿ ಮುದ್ರಿತವಾದವಲ್ಲ. ಅಲ್ಲಿ ಚಕ್ರ ಸೋಲುತ್ತದೆ, ಕಿವಿ ಗೆಲ್ಲಬೇಕು.

“ಇಷ್ಟೆಲ್ಲ ಯಾಕೆ ಸರ್, ಮೊಬೈಲಿನಲ್ಲಿ ಎಲ್ಲ ಸಿಗುತ್ತಲ್ಲ?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಗ್ರಾಮಫೋನಿನ ದನಿ ಹೆಚ್ಚು ಶುದ್ಧವೆಂದು ನಾನು ವಾದಿಸಲಾರೆ. ಅದರಲ್ಲಿ ಸರಸರ ಸದ್ದು ಉಂಟು, ಮಂದ್ರ ಬಡವು. ಆದರೆ ಮೊಬೈಲಿನೊಳಗೆ ಆ ಹಳೆಯ ಹಾಡು ಬಂದದ್ದಾದರೂ ಎಲ್ಲಿಂದ? ಯಾರೋ ಒಬ್ಬರು ಒಂದು ತಟ್ಟೆಯನ್ನು ಎಪ್ಪತ್ತು ಎಂಬತ್ತು ವರ್ಷ ಬಿರುಕು ಬಿಡದಂತೆ ಕಾಪಾಡಿದ್ದರಿಂದ. ಗಂಗೂಬಾಯಿ ಹಾನಗಲ್ಲರ ಗಂಭೀರ ದನಿಯನ್ನು ನಾವೆಲ್ಲರೂ ಬಲ್ಲೆವು. 1930ರ ದಶಕದ ಅವರ ತಟ್ಟೆಗಳನ್ನು ಕೇಳಿದರೆ ಬೆರಗಾಗುತ್ತದೆ: ಅಲ್ಲಿರುವುದು ಎತ್ತರದ, ತೆಳುವಾದ, ಎಳೆಯ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ತರುವಾಯ ಆ ದನಿ ಬದಲಾಯಿತು. ಆಕೆಯ ಕೊರಳಿನಲ್ಲಿಯೇ ಉಳಿಯದ ದನಿ ಉಳಿದದ್ದು ಅರಗಿನಲ್ಲಿ.

ಇಲ್ಲಿಯೇ ಈ ಹವ್ಯಾಸದ ನಿಜವಾದ ಧರ್ಮಸಂಕಟವಿರುವುದು. ಹೊಸ ಮುಳ್ಳೇ ಆಗಲಿ, ನನ್ನ ಪೆಟ್ಟಿಗೆಯ ಧ್ವನಿಪೆಟ್ಟಿಗೆ ತಟ್ಟೆಯನ್ನು ನೂರು ಗ್ರಾಮಿಗೂ ಮೀರಿದ ಭಾರದಿಂದ ಒತ್ತುತ್ತದೆ. ಕೇಳುವುದೆಂದರೆ ಸವೆಸುವುದು. ಕೇಳದೆ ಬೀಗ ಹಾಕಿಟ್ಟರೆ ತಟ್ಟೆ ಉಳಿಯುತ್ತದೆ, ಹಾಡು ಸಾಯುತ್ತದೆ. ಏನು ಮಾಡಬೇಕು?

ನಾನು ಕಂಡುಕೊಂಡ ದಾರಿ ಇದು. ಅಪರೂಪದ ತಟ್ಟೆ ಕೈಗೆ ಬಂದರೆ ಅದನ್ನು ಪೆಟ್ಟಿಗೆಯ ಮೇಲೆ ಇಡುವುದಿಲ್ಲ. ಹಗುರವಾದ ಕೈಯುಳ್ಳ ವಿದ್ಯುತ್ ಯಂತ್ರದಲ್ಲಿ, 78ರ ಅಗಲ ಗೆರೆಗೆ ತಕ್ಕ ಮುಳ್ಳಿನಿಂದ, ಮೊದಲು ಅದರ ಪ್ರತಿಯಾಗಬೇಕು. ವಿಕ್ರಮ್ ಸಂಪತ್ ಅವರು ಸ್ಥಾಪಿಸಿದ ಭಾರತೀಯ ಸಂಗೀತದ ದಾಖಲಾಗಾರದಂಥ ಸಂಸ್ಥೆಗಳು ಹಳೆಯ ತಟ್ಟೆಗಳಿಗೆ ಇಂಥ ಪ್ರತಿ ಮಾಡಿ ಎಲ್ಲರಿಗೂ ಕೇಳಿಸಿವೆ. ಪ್ರತಿಯಾದ ಮೇಲೆ ಮೂಲಕ್ಕೆ ವಿಶ್ರಾಂತಿ. ಹೇರಳವಾಗಿ ಸಿಗುವ ತಟ್ಟೆಗಳು ಮಾತ್ರ ಪೆಟ್ಟಿಗೆಯ ಮೇಲೆ ಹಾಡುತ್ತವೆ. ಅವುಗಳನ್ನು ಧಾರಾಳವಾಗಿ ಕೇಳುತ್ತೇನೆ, ನೆರೆಯ ಮಕ್ಕಳಿಂದ ಕೀಲಿ ಕೊಡಿಸಿ ಕೇಳಿಸುತ್ತೇನೆ. ಸವೆಯಲಿ, ಸವೆಯುವುದಕ್ಕೆಂದೇ ಅವು ಹುಟ್ಟಿದವು.

ಕನ್ನಡದ ಓದಿನವನಿಗೆ ಇದು ಹೊಸ ವಿವೇಕವೇನೂ ಅಲ್ಲ. ನಮ್ಮ ಕಾವ್ಯಗಳು ಬಂದದ್ದು ಓಲೆಗರಿಯ ಮೇಲೆ. ಗರಿಗೆ ಹುಳು, ಗೆದ್ದಲು, ತೇವ ಎಲ್ಲವೂ ಶತ್ರು. ಆದರೂ ಅವು ಉಳಿದವು. ಓದುವವರು ಗರಿಗೆ ಎಣ್ಣೆ ಸವರಿದರು, ಶಿಥಿಲವಾಗುವ ಮೊದಲೇ ಪ್ರತಿ ಮಾಡಿದರು. ಬಿಚ್ಚಿ ಓದಿದ ಕಟ್ಟು ಬದುಕಿತು. ಅಟ್ಟದ ಮೇಲೆ ಕಟ್ಟಿಟ್ಟ ಕಟ್ಟನ್ನು ಗೆದ್ದಲು ಓದಿತು. ಪಾಂಡವರು ಅರಗಿನ ಮನೆಯಿಂದ ಪಾರಾದದ್ದು ವಿದುರನ ಮುನ್ನೆಚ್ಚರಿಕೆಯಿಂದ. ಅರಗಿನ ಮನೆಯಲ್ಲಿ ವಾಸವಾಗಿರುವ ಈ ಹಾಡುಗಳಿಗೂ ಅಲ್ಲಲ್ಲಿ ಒಬ್ಬೊಬ್ಬ ವಿದುರ ಬೇಕು. ಅವನಲ್ಲಿ ಪಾಂಡಿತ್ಯ ಇಲ್ಲದಿದ್ದರೂ ನಡೆಯುತ್ತದೆ. ಒಂದು ಮುಖಕ್ಕೆ ಒಂದು ಮುಳ್ಳು ಬದಲಿಸುವ ನಿಷ್ಠೆ ಇದ್ದರೆ ಸಾಕು.