ಕಿವಿ ಕೇಳದ ಅಕ್ಕ-ತಂಗಿಯರ ಸ್ತನ ತಪಾಸಣೆ: ಜೊತೆಗೆ ಹೋಗುವವರ ಗಮನಕ್ಕೆ



ಉಮರ್ಗಾ, ನಿಲಂಗಾ, ಉದಗೀರದ ನಮ್ಮ ಮನೆಗಳಲ್ಲಿ ಮಾತು ಕನ್ನಡ, ಶಾಲೆ-ದವಾಖಾನೆ ಮರಾಠಿ. ನಮಗಿದು ರೂಢಿಯಾಗಿದೆ. ಆದರೆ ಮನೆಯವರ ಕನ್ನಡದ ತುಟಿ ನೋಡಿ ಬೆಳೆದ, ಕಿವಿ ಕೇಳದ ಹೆಣ್ಣುಮಗಳಿಗೆ ಮಾಸ್ಕ್ ಹಾಕಿಕೊಂಡು ಮರಾಠಿ ಆಡುವ ನರ್ಸಿನ ಮುಂದೆ ಏನೂ ತಿಳಿಯುವುದಿಲ್ಲ. ನಮ್ಮ ಪರಿಚಯದ ತಾಯಿಯೊಬ್ಬರಿಗೆ ಎದೆಯಲ್ಲಿ ಗಂಟು ಕಂಡಾಗ ವೈದ್ಯರು ಹೇಳಿದ್ದೆಲ್ಲ ಜೊತೆಗಿದ್ದ ಮೈದುನನಿಗೆ. ಆತ ಸಂಕೋಚದಿಂದ ಏನಿಲ್ಲವೆಂದು ಕೈಯಾಡಿಸಿದ. ಮತ್ತೆ ತೋರಿಸಲು ಏಳು ತಿಂಗಳು ಕಳೆಯಿತು. ಅಂದು ನಮ್ಮವರು ಒಬ್ಬರು ಜೊತೆಗೆ ಹೋಗಬಹುದಿತ್ತು, ಹೋಗಲಿಲ್ಲ.

ಸರ್ಕಾರದ ಕಾರ್ಯಕ್ರಮದಂತೆ 30ರಿಂದ 65 ವಯಸ್ಸಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಆಗಬೇಕು. ಕೈ ಪರೀಕ್ಷೆಯೆಂದು ಹಗುರಾಗಿ ಕಾಣಬೇಡಿ. ಮುಂಬೈನ ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಆರಂಭಿಸಿ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30 ಕಡಿಮೆ ಇತ್ತು.

ಆಶಾ ಕಾರ್ಯಕರ್ತೆ ಮನೆಗೆ ಬಂದು ತುಂಬುವ ನಮೂನೆಯಲ್ಲಿ ಸ್ತನದ ಗಂಟು, ತೊಟ್ಟಿನಿಂದ ರಕ್ತ ಬೆರೆತ ಸ್ರಾವ, ಆಕಾರದ ಬದಲಾವಣೆ ಎಂಬ ಪ್ರಶ್ನೆಗಳಿವೆ. ಅತ್ತೆಯೋ ಗಂಡನೋ 'ಇಲ್ಲ' ಬರೆಸಿದರೆ ಸಾಲದು. ಚಿತ್ರ ತೋರಿಸಿ ಆಕೆಯನ್ನೇ ಕೇಳಬೇಕು. ಇಂಥ ಗಂಟು ಬಹುಪಾಲು ನೋಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿರುವುದೇ ಅಪಾಯ. ಹಾಗೆಂದು ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ.

ಮ್ಯಾಮೊಗ್ರಾಂ ಬೇಕೆಂದರೆ ಮೊದಲೇ ಒಂದು ಮಾತು. ಚಿತ್ರ ತೆಗೆಯುವಾಗ ತಂತ್ರಜ್ಞೆ ಪರದೆಯ ಹಿಂದೆ ನಿಂತು ಉಸಿರು ಹಿಡಿಯಲು ಹೇಳುತ್ತಾರೆ. ಕೇಳಿಸದವರಿಗೆ ಹೇಗೆ ಗೊತ್ತಾಗಬೇಕು? ಕೈ ಎತ್ತಿದರೆ ಉಸಿರು ಹಿಡಿ, ಇಳಿಸಿದರೆ ಬಿಡು ಎಂದು ಮುಂಚೆಯೇ ಗೊತ್ತುಮಾಡಿಕೊಳ್ಳಿ. ಸರದಿಗೆ ಹೆಸರು ಕೂಗುವ ಕಡೆ, ಬಂದು ಭುಜ ಮುಟ್ಟಿ ಕರೆಯಿರಿ ಎಂದು ಚೀಟಿ ಕೊಡಿ. ಮಕ್ಕಳನ್ನು ದುಭಾಷಿ ಮಾಡಬೇಡಿ. ತಾಯಿಯ ರೋಗದ ಸುದ್ದಿಯನ್ನು ಹತ್ತು ವರ್ಷದ ಮಗಳು ಹೇಳುವಂತಾಗಬಾರದು.

ಕೇಳಲು ಹಿಂಜರಿಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳಲ್ಲಿ ಅಡೆತಡೆಯಿಲ್ಲದ ಪ್ರವೇಶ ಇರಬೇಕೆನ್ನುತ್ತದೆ. ಸಂಜ್ಞಾ ಭಾಷೆಯೂ ಸಂವಹನವೇ ಎಂದು ಅದರಲ್ಲಿದೆ. ಮುಂದಿನ ಚಿಕಿತ್ಸೆಗೆ ಬಾರ್ಶಿಯ ನರ್ಗಿಸ್ ದತ್ತ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಕೇಂದ್ರ ಇವೆ.

ಆಕೆಯ ಪರವಾಗಿ ಆಸ್ಪತ್ರೆಗೆ ಮರಾಠಿಯಲ್ಲಿ ಚೀಟಿ ಬೇಕಾದವರು ಸಂಘಕ್ಕೆ ತಿಳಿಸಿರಿ. ಅರ್ಜಿ ಬರೆಯುವುದರಲ್ಲೇ ನೌಕರಿ ಕಳೆದ ನಮಗೆ ಅದು ಹತ್ತು ನಿಮಿಷದ ಕೆಲಸ. ಜೊತೆಗೆ ಹೋಗಲು ಒಪ್ಪುವ ಸದಸ್ಯೆಯರೂ ಹೆಸರು ಕೊಡಬೇಕಾಗಿ ವಿನಂತಿ.

— ಕಾರ್ಯದರ್ಶಿ