ತಲೆಗೆ ಪೆಟ್ಟು ಬಿದ್ದ ಹರೆಯ

ತಲೆಯನ್ನು ಕುರಿತು ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಒಬ್ಬನ ತಲೆ ಚೆನ್ನಾಗಿ ಓಡುತ್ತದೆ, ಇನ್ನೊಬ್ಬನ ತಲೆ ಕೆಟ್ಟಿದೆ. ಒಬ್ಬ ತಲೆಹರಟೆ, ಮತ್ತೊಬ್ಬ ತಲೆತಿರುಕ. ಜಗಲಿಯ ಮೇಲೆ ಕುಳಿತು ನಗುನಗುತ್ತಾ ನಾವು ಆಡುವ ಈ ಮಾತುಗಳು ನಗೆ ತರಿಸದ ಮನೆಗಳೂ ಇವೆ. ಅಂಥ ಮನೆಯಲ್ಲಿ ಹದಿನೈದೋ ಹದಿನಾರೋ ವಯಸ್ಸಿನ ಹುಡುಗನೊಬ್ಬ, ಇಲ್ಲವೆ ಹುಡುಗಿಯೊಬ್ಬಳು, ಮಿದುಳಿಗೆ ಪೆಟ್ಟು ತಿಂದು, ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ್ದು ಹಿಂತಿರುಗಿರುತ್ತಾರೆ. ಗಾಯ ಮಾಗಿದೆ, ಕೂದಲು ಮತ್ತೆ ಬೆಳೆದಿದೆ, ನಡಿಗೆ ಸರಿಯಾಗಿದೆ. ‘ದೇವರು ದೊಡ್ಡವನು, ಮಗು ಉಳಿಯಿತು’ ಎಂದು ಬಂಧುಗಳು ಸಮಾಧಾನಪಟ್ಟು ಹೊರಟುಹೋಗುತ್ತಾರೆ. ಆ ಮನೆಯ ನಿಜವಾದ ಕಷ್ಟ ಆರಂಭವಾಗುವುದು ಬಹುಮಟ್ಟಿಗೆ ಆಮೇಲೆಯೇ.

ಪೆಟ್ಟಿನ ಸ್ವರೂಪವನ್ನು ಮೊದಲು ತಿಳಿಯೋಣ. ವಯಸ್ಕನ ಮಿದುಳಿನ ತೂಕ ಸುಮಾರು 1,400 ಗ್ರಾಂ. ಅದು ಗಟ್ಟಿ ವಸ್ತುವಲ್ಲ. ಬುರುಡೆಯೊಳಗಿನ ತೆಳುವಾದ ದ್ರವದಲ್ಲಿ ತೇಲುವಂತಿರುವ ಮೆತ್ತನೆಯ ಅಂಗ. ವೇಗವಾಗಿ ಹೋಗುತ್ತಿದ್ದ ಬೈಕು ಉರುಳಿ ಸವಾರನ ತಲೆ ನೆಲಕ್ಕೆ ಬಡಿದಾಗ ಬುರುಡೆ ಥಟ್ಟನೆ ನಿಲ್ಲುತ್ತದೆ. ಒಳಗಿನ ಮಿದುಳು ಅದೇ ವೇಗದಲ್ಲಿ ಮುಂದೆ ಸರಿದು ಬುರುಡೆಯ ಒಳಗೋಡೆಗೆ ಅಪ್ಪಳಿಸುತ್ತದೆ. ಆ ತಿರುಚಾಟದಲ್ಲಿ ಸೂಕ್ಷ್ಮವಾದ ನರತಂತುಗಳು ಜಗ್ಗಿ ಹರಿಯುತ್ತವೆ. ಅನಂತರ ಮಿದುಳು ಊದಿಕೊಂಡರೆ ಬುರುಡೆ ಹಿಗ್ಗುವುದಿಲ್ಲವಾದುದರಿಂದ ಒತ್ತಡ ಏರುತ್ತದೆ. ಹೊರಗೆ ಒಂದು ತೊಟ್ಟು ರಕ್ತ ಕಾಣದೆಯೂ ಒಳಗೆ ಇಷ್ಟೆಲ್ಲ ನಡೆಯಬಹುದು. ರೋಗಿ ಕಣ್ಣು ತೆರೆಯುವುದು, ಮಾತನಾಡುವುದು, ಕೈಕಾಲು ಆಡಿಸುವುದು ಎಂಬ ಮೂರು ಅಂಶಗಳನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುವ ಗ್ಲಾಸ್ಗೋ ಮಾನದಂಡ 1974ರಲ್ಲಿ ಬಂದಿತು. 8 ಅಥವಾ ಅದಕ್ಕಿಂತ ಕಡಿಮೆ ಅಂಕವಿದ್ದರೆ ಪೆಟ್ಟು ತೀವ್ರವಾದುದೆಂದು ವೈದ್ಯರು ಎಣಿಸುತ್ತಾರೆ. ಆದರೆ ಈ ಅಂಕಗಳು ಪ್ರಜ್ಞೆಯನ್ನು ಅಳೆಯುತ್ತವೆಯೇ ಹೊರತು ಸ್ವಭಾವವನ್ನಲ್ಲ.

ಸ್ವಭಾವದ ಪ್ರಶ್ನೆ ಬಂದಾಗ ವೈದ್ಯಚರಿತ್ರೆ ಸ್ಮರಿಸುವ ಹೆಸರು ಫಿನಿಯಸ್ ಗೇಜ್. 1848ರ ಸೆಪ್ಟೆಂಬರಿನಲ್ಲಿ ಅಮೆರಿಕದ ವರ್ಮಾಂಟ್ ಸೀಮೆಯಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುವಾಗ ಮೂರೂವರೆ ಅಡಿ ಉದ್ದದ ಕಬ್ಬಿಣದ ಸಲಾಕೆಯೊಂದು ಅವನ ಕೆನ್ನೆಯ ಮೂಲಕ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಆಗ ಅವನಿಗೆ 25 ವರ್ಷ. ಆತ ಸಾಯಲಿಲ್ಲ, ಸ್ವಲ್ಪ ಹೊತ್ತಿನಲ್ಲೇ ಮಾತನಾಡಿದ. ಆದರೆ ಶಾಂತನೂ ದಕ್ಷನೂ ಆಗಿದ್ದ ಮೇಸ್ತ್ರಿ ಮುಂಗೋಪಿಯಾಗಿ, ಚಂಚಲನಾಗಿ ಬದಲಾದನೆಂದು ಅವನಿಗೆ ಚಿಕಿತ್ಸೆ ನೀಡಿದ ಡಾ. ಹಾರ್ಲೋ ಬರೆದಿಟ್ಟರು. ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಇದರ ಉತ್ತರಾರ್ಧವೂ ಅಷ್ಟೇ ಮುಖ್ಯ. ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಾಡಿ ಓಡಿಸಿ ಜೀವನ ಸಾಗಿಸಿದ. ದಿನವೂ ಅದೇ ವೇಳೆ, ಅದೇ ದಾರಿ, ಅದೇ ಕೆಲಸ: ಈ ಕ್ರಮಬದ್ಧತೆಯೇ ಅವನನ್ನು ಬಹುಮಟ್ಟಿಗೆ ಸರಿದಾರಿಗೆ ತಂದಿರಬೇಕೆಂದು ಈಚಿನ ವಿದ್ವಾಂಸರು ಊಹಿಸುತ್ತಾರೆ.

ಗೇಜನ ಪೆಟ್ಟು ಬಿದ್ದದ್ದು ಮಿದುಳಿನ ಮುಂಭಾಗಕ್ಕೆ. ಯೋಜನೆ, ಸಂಯಮ, ಹಿಂದುಮುಂದಿನ ವಿವೇಚನೆ ಇವೆಲ್ಲ ಆ ಭಾಗವನ್ನು ಬಹಳವಾಗಿ ಅವಲಂಬಿಸಿವೆ. ಮಿದುಳಿನಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಬಲಿಯುವುದೂ ಅದೇ. ಇಪ್ಪತ್ತು ದಾಟಿದ ಮೇಲೂ ಅದರ ಬೆಳವಣಿಗೆ ನಡೆದಿರುತ್ತದೆ. ಹರೆಯದಲ್ಲಿ ಬಿದ್ದ ಪೆಟ್ಟು, ಗೋಡೆ ಇನ್ನೂ ಹಸಿಯಾಗಿರುವಾಗಲೇ ಬಿದ್ದ ಪೆಟ್ಟು. ಹತ್ತನೆಯ ವಯಸ್ಸಿನಲ್ಲಿ ಬಿದ್ದು ಚೇತರಿಸಿಕೊಂಡ ಮಗುವಿನ ಕೊರತೆ ಹದಿನೈದನೆಯ ವಯಸ್ಸಿಗೆ, ಪಾಠ ಕಠಿಣವಾಗಿ ಹೊಣೆ ಹೆಚ್ಚಿದಾಗ, ಮೊದಲ ಬಾರಿಗೆ ಕಾಣಿಸಿಕೊಳ್ಳುವುದೂ ಉಂಟು. ಆ ವೇಳೆಗೆ ಹಳೆಯ ಪೆಟ್ಟನ್ನು ಎಲ್ಲರೂ ಮರೆತಿರುತ್ತಾರೆ.

ಕೊರತೆಗಳಾದರೂ ಎಂಥವು? ಹತ್ತು ನಿಮಿಷ ಓದಿದರೆ ಮೈಮುರಿದಂತಾಗುವ ಆಯಾಸ. ನಿನ್ನೆ ಕಲಿತ ಪದ್ಯ ಇಂದು ನೆನಪಿಗೆ ಬಾರದಿರುವುದು. ತರಗತಿಯ ಗದ್ದಲ ಸಹಿಸಲಾರದ ತಲೆನೋವು. ಚಿಕ್ಕ ಮಾತಿಗೂ ಸಿಡಿಯುವ ಸಿಟ್ಟು. ಎದ್ದು ಒಂದು ಕೆಲಸ ಆರಂಭಿಸುವ ಪ್ರೇರಣೆಯೇ ಇಲ್ಲದಿರುವುದು. ಇವುಗಳಲ್ಲಿ ಯಾವುದಕ್ಕೂ ಬ್ಯಾಂಡೇಜಿಲ್ಲ. ಆದುದರಿಂದ ಆಯಾಸವನ್ನು ಮೇಷ್ಟ್ರು ಮೈಗಳ್ಳತನವೆಂದು ಓದುತ್ತಾರೆ, ಮರೆವನ್ನು ತಂದೆ ಉದಾಸೀನವೆಂದು ಓದುತ್ತಾರೆ, ಸಿಟ್ಟನ್ನು ನೆರೆಯವರು ಕೊಬ್ಬೆಂದು ಓದುತ್ತಾರೆ. ಹರೆಯಕ್ಕೆ ಸಹಜವಾದ ಮುನಿಸೂ ಇದರೊಡನೆ ಬೆರೆತುಕೊಳ್ಳುವುದರಿಂದ ಎಲ್ಲಿ ವಯಸ್ಸು ಮುಗಿದು ಎಲ್ಲಿ ಪೆಟ್ಟು ಆರಂಭವಾಯಿತೆಂದು ಹೆತ್ತವರಿಗೂ ತಿಳಿಯದು. ನಲವತ್ತು ವರ್ಷ ಪಠ್ಯಗಳನ್ನು ಓದಿಸಿದವನಾಗಿ ಹೇಳುತ್ತೇನೆ: ತಪ್ಪು ಓದಿನಿಂದ ಕಾವ್ಯಕ್ಕೆ ಆಗುವ ಹಾನಿ ಅಲ್ಪ, ಮಗುವಿಗೆ ಆಗುವ ಹಾನಿ ಬಹಳ ದೊಡ್ಡದು.

ಕುಟುಂಬದ ದುಃಖಕ್ಕೂ ಒಂದು ವಿಶೇಷ ಲಕ್ಷಣವುಂಟು. ಕಳೆದುಹೋದವರಿಗಾಗಿ ಅಳಲು ನಮ್ಮಲ್ಲಿ ಸಂಪ್ರದಾಯವಿದೆ, ಸೂತಕವಿದೆ, ಅದು ಮುಗಿಯುವ ದಿನವೂ ಇದೆ. ಮಗ ಕಣ್ಣೆದುರಿಗೇ ಕುಳಿತು ಊಟ ಮಾಡುತ್ತಿದ್ದಾನೆ. ಆದರೆ ಆ ಹಳೆಯ ಮಗ ಅಲ್ಲಿಲ್ಲ. ಇದಕ್ಕೆ ಅಳುವುದು ಹೇಗೆ? ಪಾಲಿನ್ ಬಾಸ್ ಎಂಬ ಅಮೆರಿಕದ ವಿದುಷಿ 1970ರ ದಶಕದಲ್ಲಿ ಇಂಥ ದುಃಖಕ್ಕೆ ಒಂದು ಹೆಸರು ಕೊಟ್ಟರು. ಅದನ್ನು ‘ಅಸ್ಪಷ್ಟ ಅಗಲಿಕೆ’ ಎಂದು ಕನ್ನಡಿಸಬಹುದು. ಈ ದುಃಖಕ್ಕೆ ಹೆಸರಿದೆ, ಇದು ತಮ್ಮ ದೌರ್ಬಲ್ಯವಲ್ಲ ಎಂದು ತಿಳಿದರೇ ತಾಯಂದಿರಿಗೆ ಅರ್ಧ ಹೊರೆ ಇಳಿಯುತ್ತದೆ. ಇದೇ ಮನೆಯಲ್ಲಿ ಇನ್ನೊಂದು ಮಗುವೂ ಇರುತ್ತದೆ. ಅಣ್ಣನ ಆರೈಕೆಯ ನಡುವೆ ತಂಗಿಯ ಅಂಕಪಟ್ಟಿ ಕೇಳುವವರಿಲ್ಲ, ಅವಳ ಜ್ವರ ಯಾರಿಗೂ ಕಾಣುವುದಿಲ್ಲ. ವಾರಕ್ಕೊಂದು ಸಂಜೆಯಾದರೂ ಅವಳೊಬ್ಬಳಿಗೇ ಮೀಸಲಾಗಿರಬೇಕು.

ಮಾಡಬಹುದಾದದ್ದು ಏನು? ಮನೆಯಲ್ಲಿ ಗೇಜನ ಕುದುರೆಗಾಡಿಯ ನೀತಿಯನ್ನು ಪಾಲಿಸಬಹುದು: ಏಳುವ, ಉಣ್ಣುವ, ಓದುವ, ಮಲಗುವ ವೇಳೆಗಳು ನಿಶ್ಚಿತವಾಗಿರಲಿ, ದಿನದ ಕೆಲಸಗಳನ್ನು ಗೋಡೆಯ ಮೇಲೆ ಬರೆದು ಅಂಟಿಸಲಿ, ಒಮ್ಮೆಗೆ ಒಂದೇ ಸೂಚನೆ ಕೊಡಲಿ, ಆಯಾಸ ಕಂಡೊಡನೆ ವಿಶ್ರಾಂತಿ ಸಿಗಲಿ. ವೈದ್ಯರು ಒಪ್ಪುವವರೆಗೆ ಕ್ರಿಕೆಟ್, ಕಬಡ್ಡಿ ಬೇಡ. ಮಾಗದ ಮಿದುಳಿಗೆ ಎರಡನೆಯ ಪೆಟ್ಟು ಮೊದಲಿನದಕ್ಕಿಂತ ಅಪಾಯಕರ. ಶಾಲೆಗೆ ಮೊದಲು ಅರ್ಧ ದಿನ ಕಳುಹಿಸಿ ಕ್ರಮೇಣ ಹೆಚ್ಚಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 17ನೆಯ ವಿಧಿಯಲ್ಲಿ ಪರೀಕ್ಷೆಗೆ ಹೆಚ್ಚಿನ ಸಮಯ, ಬರೆಯಲು ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮುಂತಾದ ಅನುಕೂಲಗಳ ಪ್ರಸ್ತಾಪವಿದೆ. ಪೆಟ್ಟಿನಿಂದ ಶಾಶ್ವತವಾದ ನ್ಯೂನತೆ ಉಳಿದವರು ಪ್ರಮಾಣಪತ್ರ ಪಡೆದು ಇವುಗಳನ್ನು ಕೇಳಬಹುದು. ಇದು ಭಿಕ್ಷೆಯಲ್ಲ, ಹಕ್ಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನೆನಪು ಮತ್ತು ಗಮನಗಳನ್ನು ಅಭ್ಯಾಸದಿಂದ ಮತ್ತೆ ಬೆಳೆಸುವ ತರಬೇತಿ ಇದೆ. ಮಾತು ತೊದಲಿದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಚೇತರಿಕೆ ಮೊದಲ ತಿಂಗಳುಗಳಲ್ಲಿ ಚುರುಕಾಗಿದ್ದರೂ ವರ್ಷಗಳ ತನಕ ನಿಧಾನವಾಗಿ ಮುಂದುವರಿಯಬಲ್ಲುದು.

ಪೆಟ್ಟನ್ನೇ ತಡೆಯುವ ಮಾತನ್ನೂ ಆಡಬೇಕು. ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಲೇಖಕ 1935ರ ಮೇ ತಿಂಗಳಲ್ಲಿ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿನಿಂದ ಬಿದ್ದು ಆರು ದಿನಗಳಲ್ಲಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಮುಂದೆ 1941ರಲ್ಲಿ ಹೆಲ್ಮೆಟ್ಟಿನ ಮಹತ್ವವನ್ನು ಲೇಖನದಲ್ಲಿ ತೋರಿಸಿಕೊಟ್ಟರು. ಬ್ರಿಟನ್ನು ಅದನ್ನು ಕಡ್ಡಾಯಗೊಳಿಸಿದ್ದು 1973ರಲ್ಲಿ. ನಮ್ಮ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ, ಹಿಂದೆ ಕುಳಿತವರಿಗೂ, ಹೆಲ್ಮೆಟ್ ಬೇಕೆನ್ನುತ್ತದೆ. ಅಪ್ರಾಪ್ತ ವಯಸ್ಕನ ಕೈಗೆ ಗಾಡಿ ಕೊಟ್ಟ ಪೋಷಕರನ್ನೂ ಹೊಣೆ ಮಾಡುತ್ತದೆ. ಪೊಲೀಸರ ಕಣ್ಣಿಗಾಗಿ ಟ್ಯಾಂಕಿನ ಮೇಲಿಟ್ಟ ಹೆಲ್ಮೆಟ್ ಟ್ಯಾಂಕನ್ನಷ್ಟೇ ಕಾಪಾಡೀತು.

ಉಳಿದ ನಮಗೆ, ಅಂದರೆ ನೆಂಟರಿಗೆ, ನೆರೆಯವರಿಗೆ, ಗೆಳೆಯರಿಗೆ, ಒಂದು ಚಿಕ್ಕ ಕೆಲಸವಿದೆ. ಆ ಮನೆಗೆ ಹೋದಾಗ ‘ಮೊದಲಿನ ಹಾಗೆ ಆದನೇ?’ ಎಂದು ತಾಯಿಯನ್ನು ಕೇಳದಿರೋಣ. ಆ ಪ್ರಶ್ನೆಗೆ ಅವಳಲ್ಲಿ ಉತ್ತರವಿಲ್ಲ. ಹುಡುಗ ಪಕ್ಕದ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿರುತ್ತಾನೆ. ‘ಹೇಗಿದ್ದೀಯಪ್ಪಾ?’ ಎಂದು ಅವನನ್ನೇ ಕೇಳಿ, ಅವನು ಪದ ಹುಡುಕುವಷ್ಟು ಹೊತ್ತು ಸುಮ್ಮನೆ ಕಾಯೋಣ.